ವಸೂಲಿಗಾರನ ಕಥೆಗೆ ವಾರಸುದಾರ ಯಾರು?

 

ಮುಂಬಯಿಯಲ್ಲಿರುವವರು ಫ್ಲೋರಾ ಫೌಂಟನ್ ಬಳಿಯ ಫುಟ್‌ಪಾತಿನಲ್ಲಿ, ಹೈದರಾಬಾದಿನವರು ಭಾನುವಾರದ ಅಬಿಡ್ಸ್‌ನಲ್ಲಿ, ದೆಹಲಿಯವರು ಆ ಹಳೆಯ ದರಿಯಾಗಂಜ್ ಸಂತೆಯಲ್ಲಿ, ಒಂದಲ್ಲ ಒಂದು ಸಲ ಪುಸ್ತಕದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತವರೇ. ಆ ರಾಶಿಯಲ್ಲಿ ಒಂದು ಪುಸ್ತಕ ಇದ್ದೇ ಇರುತ್ತದೆ, ನೋಡಿ. ಹೊದಿಕೆಯ ಮೇಲೆ ಸೂತ್ರದ ಗೊಂಬೆ ಆಡಿಸುವ ಒಂದು ಕೈ. ಒಳಗಿನ ಕಾಗದ ಹಪ್ಪಳದ ಹಾಗೆ. ಹೌದು, ಮಾರಿಯೊ ಪೂಜೊನ ‘ದಿ ಗಾಡ್‌ಫಾದರ್’. ಓದಿಲ್ಲದವರೂ ಸಿನಿಮಾ ನೋಡಿರುತ್ತಾರೆ. ಸಿನಿಮಾ ನೋಡಿಲ್ಲದವರೂ ಅದರಿಂದ ಹುಟ್ಟಿದ ಹತ್ತಾರು ಹಿಂದಿ, ತಮಿಳು, ಕನ್ನಡ ಸಿನಿಮಾಗಳಲ್ಲಿ ಒಂದನ್ನಾದರೂ ನೋಡಿರುತ್ತಾರೆ!

ಹಿಂದೊಮ್ಮೆ ನಮ್ಮ ಕನ್ನಡ ಸಮಯದಲ್ಲಿ ಪತ್ತೇದಾರಿ ಕಾದಂಬರಿಗಳ ಬಗ್ಗೆ ಹರಟಿದಾಗ ಪುಣೆಯ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. ‘ಪತ್ತೇದಾರನ ಕಥೆ ಸರಿ, ಕಳ್ಳ ಸಿಕ್ಕಿಬೀಳುತ್ತಾನೆ. ಆದರೆ ಹೊಡೆಯುವವನೇ ಕಥಾನಾಯಕ ಆಗುವ ಪುಸ್ತಕಗಳಿವೆಯಲ್ಲ, ಅವನ್ನು ನಾವು ಯಾಕಿಷ್ಟು ಚಪ್ಪರಿಸಿಕೊಂಡು ಓದುತ್ತೇವೆ?’ ಎಂದು. ಪ್ರಶ್ನೆ ತಲೆಯಲ್ಲೇ ಕೂತುಬಿಟ್ಟಿತು. ಉತ್ತರ ಹುಡುಕುತ್ತ ಹೋದರೆ ಅದು ಅಮೆರಿಕದ ನ್ಯೂಯಾರ್ಕಿನ ಗಲ್ಲಿಗಳಿಗೆ ಕರೆದುಕೊಂಡು ಹೋಯಿತು. ಬನ್ನಿ, ನೀವೂ ಒಂದು ಸುತ್ತು ಬನ್ನಿ.

ಅವನ ಕೆಲಸವಾದರೂ ಏನು?

ಮೊದಲು ಈ ವಸೂಲಿಗಾರ ಎಂಬ ಪ್ರಾಣಿ ಯಾರು ಅಂತ ತಿಳಿದುಕೊಳ್ಳೋಣ. ಮಾಫಿಯಾದ ಯಜಮಾನನಲ್ಲ ಅವನು. ಯಜಮಾನನ ಮಾತು ನಡೆಯುವಂತೆ ನೋಡಿಕೊಳ್ಳುವ ಕೈ.

ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ‘ಐದಕ್ಕೆ ಆರು’ ಎಂಬ ಲೇವಾದೇವಿ ಇತ್ತು. ಇವತ್ತು 5 ಡಾಲರ್ ಸಾಲ ತಗೊಂಡರೆ ಮುಂದಿನ ವಾರ 6 ಡಾಲರ್ ಕೊಡಬೇಕು. ಕೇಳಲು ಏನು ಮಹಾ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ವಾರಕ್ಕೆ ನೂರಕ್ಕೆ 20 ಬಡ್ಡಿ! ಅಸಲು ತೀರಿಸಲಾಗದೆ ಬಡ್ಡಿಯ 1 ಡಾಲರ್ ಮಾತ್ರ ಕಟ್ಟುತ್ತ ಹೋದವನು ವರ್ಷಕ್ಕೆ 52 ಡಾಲರ್ ಕಟ್ಟಿರುತ್ತಾನೆ, ಅಸಲಿನ ಆ 5 ಡಾಲರ್ ಹಾಗೆಯೇ ತಲೆಯ ಮೇಲಿರುತ್ತದೆ.

ಇಂಥ ಸಾಲ ಕೊಟ್ಟವನು ಕೋರ್ಟಿಗೆ ಹೋಗುವಂತಿಲ್ಲ. ಕಾನೂನಿನ ಕಣ್ಣಿನಲ್ಲಿ ಆ ಸಾಲವೇ ಇಲ್ಲ. ಪತ್ರ ಇಲ್ಲ, ಸಾಕ್ಷಿ ಇಲ್ಲ, ಜಾಮೀನು ಇಲ್ಲ. ಹಾಗಿದ್ದರೆ ಸಾಲ ವಾಪಸು ಬರುವುದು ಹೇಗೆ? ಅಲ್ಲಿ ಬರುತ್ತಾನೆ ನಮ್ಮ ವಸೂಲಿಗಾರ. ಅವನೇ ನೋಟೀಸು, ಅವನೇ ಅಮೀನ, ಅವನೇ ಜಪ್ತಿ. ಜೂಜಿನ ಅಡ್ಡೆ, ಬಂದರಿನ ಹಮಾಲಿ ಕೆಲಸ, ಸಿದ್ಧ ಉಡುಪಿನ ಕಾರ್ಖಾನೆ, ಎಲ್ಲೆಲ್ಲಿ ಕಾನೂನಿನ ಕೈ ನಿಲುಕದೋ ಅಲ್ಲೆಲ್ಲ ಅವನ ಕೈ ನಿಲುಕುತ್ತದೆ. ದಿನವೂ ಹೊಡೆಯಬೇಕಾಗಿಲ್ಲ. ಒಬ್ಬನಿಗೆ ಹೊಡೆದ ಸುದ್ದಿ ಹತ್ತು ಮಂದಿಗೆ ಮುಟ್ಟಿದರೆ ಸಾಕು, ಉಳಿದ ಹತ್ತೂ ಜನ ತಾವಾಗಿಯೇ ಬಂದು ಕೊಟ್ಟು ಹೋಗುತ್ತಾರೆ. ಅಂದರೆ ಅವನು ಮಾರುವ ಸರಕು ಏಟಲ್ಲ, ಹೆದರಿಕೆ.

ಕಿಟಕಿಯಿಂದ ಬಿದ್ದವನು

ಈ ವಸೂಲಿಗಾರರ ಪೈಕಿ ಬಾಯಿಬಿಟ್ಟು ದೇಶವನ್ನೇ ನಡುಗಿಸಿದವನು ಏಬ್ ರೆಲಿಸ್. ಬ್ರೂಕ್ಲಿನ್ನಿನ ಬ್ರೌನ್ಸ್‌ವಿಲ್ ಎಂಬ ಬಡ ಯಹೂದಿ ಕೇರಿಯ ಹುಡುಗ. ಪತ್ರಿಕೆಗಳು ‘ಮರ್ಡರ್ ಇಂಕಾರ್ಪೊರೇಟೆಡ್’ ಎಂದು ಹೆಸರಿಟ್ಟ, 1930ರ ದಶಕದ ಕೊಲೆಗಡುಕರ ತಂಡದವನು. ಐಸ್ ಒಡೆಯುವ ಸೂಜಿಯಿಂದ ಕೊಲ್ಲುವುದರಲ್ಲಿ ಇವನ ತಂಡ ಕುಖ್ಯಾತವಾಗಿತ್ತು. 1940ರಲ್ಲಿ ಸಿಕ್ಕಿಬಿದ್ದಾಗ ಕುರ್ಚಿ ತನಗೇ ಕಾದಿದೆ ಎಂದು ಅವನಿಗೆ ಗೊತ್ತಾಯಿತು (ವಿದ್ಯುತ್ ಕುರ್ಚಿ, ಮತ್ತೊಂದಲ್ಲ!). ಕೂಡಲೇ ಸರ್ಕಾರದ ಸಾಕ್ಷಿಯಾದ. ಅವನ ಮಾತಿನಿಂದ ಅವನ ಜೊತೆಗಾರರೇ ಒಬ್ಬೊಬ್ಬರಾಗಿ ಸಿಂಗ್ ಸಿಂಗ್ ಜೈಲಿನ ಆ ಕುರ್ಚಿಯಲ್ಲಿ ಕೂತರು. 1944ರ ಮಾರ್ಚ್ 4ರಂದು ದೊಡ್ಡ ಕುಳ ಲೆಪ್ಕೆ ಬುಕಾಲ್ಟರ್‌ಗೂ ಅದೇ ಗತಿಯಾಯಿತು.

ಅಷ್ಟು ಹೊತ್ತಿಗೆ ರೆಲಿಸ್ ಇರಲಿಲ್ಲ. ಕೋನಿ ಐಲೆಂಡಿನ ಹಾಫ್ ಮೂನ್ ಹೋಟೆಲಿನ 6ನೇ ಮಹಡಿಯಲ್ಲಿ ಪೊಲೀಸರು ಅವನನ್ನು ಹಗಲಿರುಳು ಕಾಯುತ್ತಿದ್ದರು. 1941ರ ನವೆಂಬರ್ 12ರ ಬೆಳಿಗ್ಗೆ ಕಿಟಕಿಯ ಕೆಳಗೆ ಅವನ ಹೆಣ ಸಿಕ್ಕಿತು. ಅವನು ತಾನೇ ತಪ್ಪಿಸಿಕೊಳ್ಳಲು ಹೋಗಿ ಬಿದ್ದನೋ, ಯಾರಾದರೂ ನೂಕಿದರೋ? 10 ವರ್ಷದ ನಂತರ ಗ್ರ್ಯಾಂಡ್ ಜ್ಯೂರಿಯೊಂದು ಅದನ್ನು ಅಪಘಾತ ಎಂದು ಷರಾ ಬರೆಯಿತು. ಜನ ಮಾತ್ರ ಇಂದಿಗೂ ನಂಬಿಲ್ಲ. ಹಾಡಲು ಬರುವ, ಹಾರಲು ಬಾರದ ಹಕ್ಕಿ ಎಂದು ಪತ್ರಿಕೆಗಳು ಗೇಲಿ ಮಾಡಿದವು.

ಇವನ ಕಥೆ ಪುಸ್ತಕವಾದದ್ದು 1951ರಲ್ಲಿ. ಬರೆದವರು ಅವನ ತಂಡದ ವಿರುದ್ಧ ವಾದಿಸಿದ್ದ ಸರ್ಕಾರಿ ವಕೀಲ ಬರ್ಟನ್ ಟರ್ಕಸ್, ಜೊತೆಗೆ ಪತ್ರಕರ್ತ ಸಿಡ್ ಫೆಡರ್. ಗಮನಿಸಿ, ಆಗಿನ್ನೂ ಕಥೆಯ ವಾರಸುದಾರ ಕಾನೂನು. ವಸೂಲಿಗಾರ ಬರೀ ಸಾಕ್ಷಿ.

ಪೆನ್ಸಿಲು ಹಿಡಿದ ಸಿಪಾಯಿ

ಎರಡನೆಯವನು ಜೋ ವಲಾಚಿ. ಇವನ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು.

ಈಸ್ಟ್ ಹಾರ್ಲೆಮಿನ ಬಡ ಇಟಾಲಿಯನ್ ಮನೆಯ ಹುಡುಗ. ಕಳ್ಳರ ಗುಂಪಿಗೆ ಕಾರು ಓಡಿಸುವುದರಿಂದ ಶುರುಮಾಡಿ ಜೈಲು ಕಂಡು ಬಂದವನು. 1930ರಲ್ಲಿ ನ್ಯೂಯಾರ್ಕಿನ ಎರಡು ಇಟಾಲಿಯನ್ ಬಣಗಳ ನಡುವೆ ಯುದ್ಧವೇ ನಡೆಯುತ್ತಿದ್ದಾಗ ಮರನ್ಸಾನೊನ ಬಣ ಸೇರಿದ. 1931ರ ಏಪ್ರಿಲ್‌ನಲ್ಲಿ ಎದುರು ಬಣದ ನಾಯಕ ಮಸೇರಿಯಾ ಸತ್ತ. ಸೆಪ್ಟೆಂಬರ್‌ನಲ್ಲಿ ಮರನ್ಸಾನೊನೇ ಸತ್ತ. ಮೇಲಿನವರು ಬದಲಾದರೂ ಕೆಳಗಿನ ಸಿಪಾಯಿ ಸಿಪಾಯಿಯಾಗಿಯೇ ಉಳಿದ. ಮುಂದಿನ 30 ವರ್ಷ ವಲಾಚಿ ಮಾಡಿದ್ದೆಲ್ಲ ಅದೇ. ಬಡ್ಡಿ ವ್ಯವಹಾರ, ಜೂಜಿನ ಯಂತ್ರ, ಯುದ್ಧಕಾಲದಲ್ಲಿ ಪೆಟ್ರೋಲ್ ರೇಷನ್ ಕೂಪನ್ನುಗಳ ಕಾಳದಂಧೆ, ಮತ್ತು ಮೇಲಿನಿಂದ ಅಪ್ಪಣೆ ಬಂದಾಗ ಕೊಲೆ.

ಕೊನೆಗೆ ಮಾದಕ ವಸ್ತುವಿನ ಕೇಸಿನಲ್ಲಿ ಅಟ್ಲಾಂಟಾ ಜೈಲು ಸೇರಿದ. ಅಲ್ಲಿ ಅವನ ಧಣಿ ವಿಟೊ ಜೆನೊವಿಸ್ ಕೂಡ ಇದ್ದ. ಇವನು ಬಾಯಿ ಬಿಟ್ಟಿದ್ದಾನೆ ಎಂಬ ಸಂಶಯ ಧಣಿಗೆ ಬಂತು. ಒಂದು ರಾತ್ರಿ ಧಣಿ ತನ್ನ ಕೆನ್ನೆಗೆ ಮುತ್ತಿಟ್ಟ, ಅದು ಸಾವಿನ ಮುತ್ತು ಎಂದು ವಲಾಚಿ ಮುಂದೆ ಹೇಳಿಕೊಂಡ. ಅಲ್ಲಿಂದ ಅವನಿಗೆ ನೆರಳು ಕಂಡರೂ ಹೆದರಿಕೆ. 1962ರ ಜೂನ್ 22ರಂದು ಜೈಲಿನ ಅಂಗಳದಲ್ಲಿ ತನ್ನನ್ನು ಕೊಲ್ಲಲು ಬಂದವನೆಂದು ತಿಳಿದು ಒಬ್ಬ ಕೈದಿಯನ್ನು ಕಬ್ಬಿಣದ ಪೈಪಿನಿಂದ ಹೊಡೆದು ಕೊಂದ. ಆಮೇಲೆ ಗೊತ್ತಾಯಿತು, ಅವನು ಬೇರೆ ಯಾರೋ. ಮುಖ ಚಹರೆ ಹೋಲುತ್ತಿತ್ತು, ಅಷ್ಟೇ. ಸತ್ತವನಿಗೂ ಮಾಫಿಯಾಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಿ. ಹೆದರಿಸುವುದನ್ನೇ 30 ವರ್ಷ ಉದ್ಯೋಗ ಮಾಡಿಕೊಂಡವನು ತಾನೇ ಹೆದರಿ, ಏನೂ ಅರಿಯದವನನ್ನು ಕೊಂದ. ಅಮೆರಿಕದ ಮಾಫಿಯಾ ಚರಿತ್ರೆ ತಿರುವು ತೆಗೆದುಕೊಂಡದ್ದು ಈ ತಪ್ಪು ಕೊಲೆಯಿಂದ. ಆ ಕೊಲೆಗಾಗಿ ಜೀವಾವಧಿ ಶಿಕ್ಷೆ ಬಿದ್ದ ಮೇಲೆ ವಲಾಚಿ ಮಾತಾಡಲು ಒಪ್ಪಿದ. 1963ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸೆನೆಟರ್ ಮೆಕ್ಲೆಲನ್ ಸಮಿತಿಯ ಮುಂದೆ, ಟೆಲಿವಿಷನ್ ಕ್ಯಾಮೆರಾಗಳ ಎದುರು ಕೂತು, ದೀಕ್ಷೆಯ ವಿಧಿಯಿಂದ ಹಿಡಿದು ‘ಕುಟುಂಬ’ಗಳ ಹೆಸರಿನವರೆಗೆ ಹೇಳಿದ. ‘ಕೋಸಾ ನಾಸ್ಟ್ರಾ’, ಅಂದರೆ ‘ನಮ್ಮದು’ ಎಂಬ ಹೆಸರು ಸಾಮಾನ್ಯ ಅಮೆರಿಕನ್ನರ ಕಿವಿಗೆ ಬಿದ್ದದ್ದು ಆಗಲೇ. ಒಳಗಿನ ಸದಸ್ಯನೊಬ್ಬ ಹೀಗೆ ಬಹಿರಂಗವಾಗಿ ಮಾತಾಡಿದ್ದು ಅದೇ ಮೊದಲು.

ಅಷ್ಟಕ್ಕೇ ನಿಲ್ಲಲಿಲ್ಲ ಆಸಾಮಿ. ಜೈಲಿನಲ್ಲಿ ಕೂತು ಬರೆಯತೊಡಗಿದ. ಶಾಲೆ ಸರಿಯಾಗಿ ಕಲಿಯದವನು ಸುಮಾರು 1,180 ಪುಟ ಬರೆದ! ನ್ಯಾಯಾಂಗ ಇಲಾಖೆಯೇ ಮೊದಲು ಹುರಿದುಂಬಿಸಿ, ಪೀಟರ್ ಮಾಸ್ ಎಂಬ ಪತ್ರಕರ್ತನಿಗೆ ಅದನ್ನು ತಿದ್ದಲು ಒಪ್ಪಿಗೆ ಕೊಟ್ಟಿತ್ತು. ಇಟಾಲಿಯನ್ ಮೂಲದ ಅಮೆರಿಕನ್ನರು ‘ನಮ್ಮ ಜನಾಂಗಕ್ಕೇ ಮಸಿ ಬಳಿಯುತ್ತೀರಿ’ ಎಂದು ಪ್ರತಿಭಟಿಸಿದರು. ಇಲಾಖೆ ಹಿಂದೆ ಸರಿಯಿತು, ವಿಷಯ ಕೋರ್ಟಿಗೆ ಹೋಯಿತು. ಕೊನೆಗೆ ಆದ ರಾಜಿ ಏನೆಂದರೆ, ವಲಾಚಿ ಬರೆದ ಹಸ್ತಪ್ರತಿ ಅಚ್ಚಾಗಕೂಡದು, ಮಾಸ್ ತನ್ನ ಸಂದರ್ಶನಗಳ ಆಧಾರದಲ್ಲಿ ತನ್ನದೇ ಮಾತಿನಲ್ಲಿ ಬರೆಯಬಹುದು. 1968ರಲ್ಲಿ ‘ದಿ ವಲಾಚಿ ಪೇಪರ್ಸ್’ ಬಂತು. ವಲಾಚಿಗೆ ಬಿಡುಗಡೆ ಸಿಗಲೇ ಇಲ್ಲ. 1966ರಲ್ಲಿ ಜೈಲಿನಲ್ಲೇ ನೇಣು ಹಾಕಿಕೊಳ್ಳಲು ಹೋಗಿ ಬದುಕಿದ. 1971ರ ಏಪ್ರಿಲ್ 3ರಂದು ಟೆಕ್ಸಾಸಿನ ಜೈಲೊಂದರಲ್ಲಿ ಹೃದಯಾಘಾತದಿಂದ ಸತ್ತ.

ಆ ಪುಸ್ತಕ ಓದಿದರೆ ನಿಮಗೆ ನಿರಾಸೆಯಾದೀತು. ಗತ್ತಿಲ್ಲ, ಗಾಂಭೀರ್ಯವಿಲ್ಲ. ಲಾಭ, ನಷ್ಟ, ಮೋಸ, ಗೊಣಗಾಟ. ಯಾರು ಯಾರಿಗೆ ಎಷ್ಟು ಬಾಕಿ ಎಂಬ ಲೆಕ್ಕ. ಧಣಿಗಳು ದೊಡ್ಡ ಮಾತಾಡುತ್ತಾರೆ, ಸಿಪಾಯಿಗಳ ಗಳಿಕೆ ನುಂಗುತ್ತಾರೆ. ನಿಷ್ಠೆ, ಮರ್ಯಾದೆ ಎಲ್ಲ ದೀಕ್ಷೆಯ ದಿನ ಮಾತ್ರ.

ಡಾನ್ ಬಾಯಲ್ಲಿ ಅಮ್ಮನ ಮಾತು

ಇದರ ಮರುವರ್ಷವೇ, 1969ರ ಮಾರ್ಚ್‌ನಲ್ಲಿ, ‘ದಿ ಗಾಡ್‌ಫಾದರ್’ ಬಂತು. ಎಂಥ ವ್ಯತ್ಯಾಸ ನೋಡಿ!

ಮಾರಿಯೊ ಪೂಜೊ ಹುಟ್ಟಿದ್ದು 1920ರಲ್ಲಿ, ನ್ಯೂಯಾರ್ಕಿನ ಹೆಲ್ಸ್ ಕಿಚನ್ ಎಂಬ ಕೇರಿಯಲ್ಲಿ, ಇಟಲಿಯಿಂದ ವಲಸೆ ಬಂದ ಬಡವರ ಮನೆಯಲ್ಲಿ. ಎರಡು ಕಾದಂಬರಿ ಬರೆದಿದ್ದ. 1965ರ ‘ದಿ ಫಾರ್ಚುನೇಟ್ ಪಿಲ್ಗ್ರಿಮ್’ ತನ್ನ ತಾಯಿಯ ಬದುಕನ್ನೇ ಇಟ್ಟುಕೊಂಡು ಬರೆದದ್ದು. ವಿಮರ್ಶಕರು ಹೊಗಳಿದರು, ದುಡ್ಡು ಬರಲಿಲ್ಲ. ವಯಸ್ಸು 45, ಮನೆ ತುಂಬ ಮಕ್ಕಳು, ತಲೆ ತುಂಬ ಸಾಲ. ನೆಂಟರಿಗೆ, ಬ್ಯಾಂಕಿಗೆ, ಜೂಜಿನ ಬುಕ್ಕಿಗಳಿಗೆ, ಎಲ್ಲರಿಗೂ ಬಾಕಿ. ಸರಿ, ಮಾರಾಟವಾಗುವಂಥದ್ದೇ ಒಂದು ಬರೆಯೋಣ ಎಂದು ಕೂತ. 5 ಸಾವಿರ ಡಾಲರ್ ಮುಂಗಡಕ್ಕೆ ಒಪ್ಪಿಕೊಂಡ. ಅವನೇ ಹೇಳಿಕೊಂಡ ಪ್ರಕಾರ, ಆ ಕಾದಂಬರಿ ಬರೆಯುವ ಮುಂಚೆ ಅವನು ಒಬ್ಬ ನಿಜವಾದ ಮಾಫಿಯಾ ಮನುಷ್ಯನನ್ನೂ ಭೇಟಿಯಾಗಿರಲಿಲ್ಲ! ಎಲ್ಲ ಓದಿ, ಕೇಳಿ ತಿಳಿದದ್ದು.

ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಪೇಪರ್‌ಬ್ಯಾಕ್ ಹಕ್ಕು ಆಗಿನ ಕಾಲಕ್ಕೆ ದಾಖಲೆಯಾದ 4 ಲಕ್ಷ 10 ಸಾವಿರ ಡಾಲರಿಗೆ ಮಾರಾಟವಾಯಿತು. ಪೂಜೊ ಅಮ್ಮನಿಗೆ ಫೋನು ಮಾಡಿದ. ‘40 ಸಾವಿರವಾ?’ ಎಂದರಂತೆ ಅಮ್ಮ. ಮತ್ತೆ ಮತ್ತೆ ಹೇಳಿ ಅರ್ಥಮಾಡಿಸಿದ ಮೇಲೆ ಅವರು ಕೊಟ್ಟ ಉತ್ತರ ಒಂದೇ, ‘ಯಾರಿಗೂ ಹೇಳಬೇಡ!’ ನಮ್ಮ ಅಮ್ಮಂದಿರೂ ಹೇಳುವುದು ಇದನ್ನೇ ಅಲ್ಲವೇ?

ನಗು ಬಂತಲ್ಲ, ಈಗ ಇದನ್ನು ಕೇಳಿ. ಮುಂದೆ ಎಷ್ಟೋ ವರ್ಷದ ನಂತರ, ‘ಫಾರ್ಚುನೇಟ್ ಪಿಲ್ಗ್ರಿಮ್’ ಮರುಮುದ್ರಣವಾದಾಗ, ಪೂಜೊ ಒಂದು ಗುಟ್ಟು ಬಿಚ್ಚಿಟ್ಟ. ಡಾನ್ ಕಾರ್ಲಿಯೋನೆ ಬಾಯಿ ತೆರೆದಾಗಲೆಲ್ಲ ತನ್ನ ಕಿವಿಗೆ ಕೇಳಿಸುತ್ತಿದ್ದದ್ದು ತನ್ನ ತಾಯಿಯ ದನಿ ಎಂದು. ಆ ವಿವೇಕ, ಆ ಗಟ್ಟಿತನ, ಮನೆಯವರಿಗಾಗಿ ಏನು ಬೇಕಾದರೂ ಮಾಡುವ ಆ ಛಲ, ಎಲ್ಲ ಆ ಬಡ ಹೆಂಗಸಿನದು. ರೈಲ್ವೆ ಹಳಿಯ ಪಕ್ಕದ ಬಾಡಿಗೆ ಮನೆಯಲ್ಲಿ ಮಕ್ಕಳನ್ನು ಸಾಕಿದ, ಮಗ ರೈಲ್ವೆ ಗುಮಾಸ್ತನಾದರೆ ಸಾಕು ಎಂದು ಆಸೆಪಟ್ಟ ಹೆಂಗಸು.

ನನಗೆ ಈ ಸಂಗತಿ ಓದಿದಾಗ ಪುಣೆಯ ಕೇಳುಗರ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗಾಯಿತು. ನಾವು ಡಾನ್‌ನನ್ನು ಮೆಚ್ಚುವಾಗ ಮೆಚ್ಚುತ್ತಿರುವುದು ಕೊಲೆಗಡುಕನನ್ನಲ್ಲ. ಕಷ್ಟಪಟ್ಟು ಮನೆ ನಡೆಸಿದ ಒಬ್ಬ ತಾಯಿಯನ್ನು. ಆದರೆ ಆ ತಾಯಿಯ ಬಗ್ಗೆಯೇ ಬರೆದ ಪುಸ್ತಕವನ್ನು ಕೊಳ್ಳುವವರಿರಲಿಲ್ಲ. ಆಕೆಯ ಮಾತನ್ನು ಡಾನ್ ಬಾಯಿಗೆ ಹಾಕಿದ ಮೇಲೆ ಲಕ್ಷಗಟ್ಟಲೆ ಖರ್ಚಾಯಿತು. ‘ಐದಕ್ಕೆ ಆರು’ ಕಟ್ಟುತ್ತಿದ್ದವರು ಆಕೆಯಂಥವರು. ಕಟ್ಟಿಸಿಕೊಳ್ಳುತ್ತಿದ್ದವನ ಕಥೆ ಆಕೆಯ ದನಿಯಲ್ಲಿ ಬಂತು.

ಹಾಗಾದರೆ ಕಾದಂಬರಿಯಲ್ಲಿ ವಸೂಲಿಗಾರ ಇಲ್ಲವೇ? ಇದ್ದಾನೆ. ಲೂಕಾ ಬ್ರಾಸಿ. ಎಲ್ಲರೂ ಹೆದರುವ, ಡಾನ್ ಒಬ್ಬನಿಗೆ ಮಾತ್ರ ಹೆದರುವ ದೈತ್ಯ. ಡಾನ್ ಕೈಗೆ ಅಂಟಬೇಕಾದ ರಕ್ತವೆಲ್ಲ ಇವನ ಕೈಗೆ ಅಂಟುತ್ತದೆ, ಡಾನ್ ಕೈ ಶುಭ್ರವಾಗಿ ಕಾಣುತ್ತದೆ. 1972ರ ಸಿನಿಮಾದಲ್ಲಿ ಈ ಪಾತ್ರ ಮಾಡಿದ ಲೆನಿ ಮೊಂಟಾನಾ ಕುಸ್ತಿಪಟು. ಅದಕ್ಕೂ ಮುಂಚೆ ನಿಜವಾದ ಕೊಲಂಬೊ ‘ಕುಟುಂಬ’ಕ್ಕೆ ಅಂಗರಕ್ಷಕನಾಗಿ ದುಡಿದವರೆಂದು ಪ್ರಸಿದ್ಧರು. ಅಂಥವರು ಮಾರ್ಲನ್ ಬ್ರಾಂಡೊ ಎದುರು ನಿಂತಾಗ ಮಾತು ತಡವರಿಸಿಬಿಟ್ಟರು! ನಿರ್ದೇಶಕ ಕೊಪ್ಪೊಲಾ ಆ ತಡವರಿಕೆಯನ್ನು ಹಾಗೆಯೇ ಉಳಿಸಿಕೊಂಡು, ಬ್ರಾಸಿ ಮದುವೆ ಮನೆಯಲ್ಲಿ ಕೂತು ತನ್ನ ಮಾತನ್ನು ಉರುಹೊಡೆಯುವ ದೃಶ್ಯವನ್ನು ಸೇರಿಸಿದರು. ನಿಜವಾದವನು ಸುಳ್ಳಿನವನ ಮುಂದೆ ನಡುಗಿದ ಅಪರೂಪದ ಪ್ರಸಂಗ ಅದು.

ಸಂಭಾವನೆ ಯಾರ ಜೇಬಿಗೆ?

1970ರಲ್ಲಿ ಅಮೆರಿಕ ಸಂಘಟಿತ ಅಪರಾಧದ ವಿರುದ್ಧ ಹೊಸ ಕಾನೂನು ಮಾಡಿತು. ಸಾಕ್ಷಿಗಳಿಗೆ ಹೊಸ ಹೆಸರು, ಹೊಸ ಊರು, ಹೊಸ ಬದುಕು ಕೊಡುವ ವ್ಯವಸ್ಥೆ ಬಂತು. ರೆಲಿಸ್ ಕಿಟಕಿಯಿಂದ ಬಿದ್ದು ಸತ್ತ, ವಲಾಚಿ ಜೈಲಿನಲ್ಲಿ ಸತ್ತ. ಆದರೆ ಮೂರನೆಯವನು ಹೊರಗೆ ಬಂದ, ಸಂಭಾವನೆಯನ್ನೂ ಪಡೆದ.

ಅವನೇ ಹೆನ್ರಿ ಹಿಲ್. ತಂದೆ ಐರಿಷ್, ತಾಯಿ ಸಿಸಿಲಿ ಮೂಲದವಳು. ತಂದೆ ಇಟಾಲಿಯನ್ ಅಲ್ಲದ್ದರಿಂದ ಪೂರ್ಣ ಸದಸ್ಯತ್ವ ಸಿಗಲಿಲ್ಲ. ಆದರೆ ಬ್ರೂಕ್ಲಿನ್ನಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಪುಡಿ ಕೆಲಸ ಮಾಡುವ ಹುಡುಗನಾಗಿ ಸೇರಿ, ಲೂಕೇಸಿ ‘ಕುಟುಂಬ’ದ ನೆರಳಿನಲ್ಲೇ ಬೆಳೆದ. ವಸೂಲಿ, ಹೊಡೆದಾಟ, ಕಳ್ಳತನ, ಡ್ರಗ್ಸ್. 1980ರಲ್ಲಿ ಸಿಕ್ಕಿಬಿದ್ದಾಗ ತನ್ನವರೇ ತನ್ನನ್ನು ಮುಗಿಸುತ್ತಾರೆಂದು ಹೆದರಿ ಸರ್ಕಾರದ ಕಡೆಗೆ ಬಂದ. ಪತ್ರಕರ್ತ ನಿಕೊಲಸ್ ಪಿಲೆಜಿ ಅವನನ್ನು ಮಾತಾಡಿಸಿ 1985ರಲ್ಲಿ ‘ವೈಸ್‌ಗೈ’ ಬರೆದರು. 1990ರಲ್ಲಿ ಸ್ಕಾರ್ಸೆಸಿಯ ‘ಗುಡ್‌ಫೆಲಾಸ್’ ಸಿನಿಮಾ ಆದದ್ದು ಅದೇ.

ಈಗ ಒಂದು ಜಗಳ ಶುರುವಾಯಿತು. ನ್ಯೂಯಾರ್ಕಿನಲ್ಲಿ 1977ರ ಒಂದು ಕಾನೂನಿತ್ತು. ಸರಣಿ ಕೊಲೆಗಾರನೊಬ್ಬ ತನ್ನ ಕಥೆ ಮಾರಿ ದುಡ್ಡು ಮಾಡಿಯಾನು ಎಂದು ತಂದದ್ದು, ‘ಸನ್ ಆಫ್ ಸ್ಯಾಮ್’ ಕಾನೂನು ಎಂದೇ ಹೆಸರು. ಅಪರಾಧಿ ತನ್ನ ಅಪರಾಧದ ಕಥೆ ಹೇಳಿ ಗಳಿಸುವ ಹಣವನ್ನು ಪ್ರಕಾಶಕರು 5 ವರ್ಷ ಸರ್ಕಾರಿ ಮಂಡಳಿಯ ವಶದಲ್ಲಿಡಬೇಕು, ಅವನಿಂದ ನೊಂದವರು ಕೋರ್ಟಿನಲ್ಲಿ ಗೆದ್ದರೆ ಅದರಿಂದ ಪರಿಹಾರ ಪಡೆಯಬಹುದು. ನ್ಯಾಯವಾಗಿಯೇ ಇದೆ ಅಲ್ಲವೇ? ಮಂಡಳಿ ‘ವೈಸ್‌ಗೈ’ ಪ್ರಕಾಶಕರಾದ ಸೈಮನ್ ಅಂಡ್ ಶುಸ್ಟರ್ ಕಡೆಗೆ ತಿರುಗಿತು. ಆಗಲೇ ಹಿಲ್ ಪರವಾಗಿ 96,250 ಡಾಲರ್ ಸಂದಾಯವಾಗಿತ್ತು, ಇನ್ನೂ 27,958 ಡಾಲರ್ ಕೊಡುವುದಿತ್ತು. ಪ್ರಕಾಶಕರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನವರೆಗೂ ಹೋಯಿತು.

1991ರ ಡಿಸೆಂಬರ್ 10ರಂದು ತೀರ್ಪು ಬಂತು. ಪೀಠದಲ್ಲಿದ್ದ ಎಲ್ಲ 8 ನ್ಯಾಯಮೂರ್ತಿಗಳೂ ಆ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದರು. ತೀರ್ಪು ಬರೆದ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಕೊಟ್ಟ ಕಾರಣ ಯೋಚಿಸುವಂಥದ್ದು. ಅಪರಾಧಿಯ ಹಣದಿಂದ ನೊಂದವರಿಗೆ ಪರಿಹಾರ ಕೊಡಿಸುವುದು ಸರಿಯೇ. ಆದರೆ ಕಥೆ ಹೇಳಿ ಗಳಿಸಿದ ಹಣಕ್ಕೆ ಮಾತ್ರ ಕೈ ಹಾಕುವುದೇಕೆ? ಅವನ ಮನೆ, ಷೇರು, ಬೇರೆ ಆಸ್ತಿಗೆ ಅದೇ ನಿಯಮ ಯಾಕಿಲ್ಲ? ಅಲ್ಲದೆ ಈ ಕಾನೂನನ್ನು ಅಕ್ಷರಶಃ ಹಿಡಿದರೆ ಮಾಲ್ಕಮ್ ಎಕ್ಸ್ ಆತ್ಮಕಥೆಯೂ, ಥೋರೊನ ಅಸಹಕಾರದ ಪ್ರಬಂಧವೂ, ಹುಡುಗಾಟದಲ್ಲಿ ಹಣ್ಣು ಕದ್ದದ್ದನ್ನು ಬರೆದುಕೊಂಡ ಸಂತ ಅಗಸ್ಟೀನನ ‘ಕನ್ಫೆಷನ್ಸ್’ ಕೂಡ ಅದರ ಬಲೆಗೆ ಬೀಳುತ್ತಿದ್ದವು!

ಮೊದಲ ಸಲ ಇದನ್ನು ಓದಿದಾಗ ನನಗೆ ಕೋಪವೇ ಬಂದಿತ್ತು. ಹೊಡೆದವನಿಗೂ ಸಂಭಾವನೆಯೇ ಎಂದು. ನಿಧಾನವಾಗಿ ಯೋಚಿಸಿದರೆ ಕೋರ್ಟಿನ ಮಾತು ಸರಿ ಅನ್ನಿಸುತ್ತದೆ. ಬಾಯಿಗೆ ಬೀಗ ಹಾಕಿದರೆ ಅಪರಾಧಿಯ ಜೊತೆಗೆ ಪಶ್ಚಾತ್ತಾಪಿಯ ಬಾಯಿಯೂ ಮುಚ್ಚಿಹೋಗುತ್ತದೆ. ವಲಾಚಿ ಮಾತಾಡದಿದ್ದರೆ ಆ ಲೋಕ ಇನ್ನೆಷ್ಟು ವರ್ಷ ಕತ್ತಲಲ್ಲಿರುತ್ತಿತ್ತೋ! ನ್ಯೂಯಾರ್ಕ್ ಕೂಡ ಪಾಠ ಕಲಿಯಿತು. 2001ರಲ್ಲಿ ಕಾನೂನನ್ನು ಬದಲಿಸಿ, ಕಥೆಯಿಂದಲೇ ಬರಲಿ ಬೇರೆಲ್ಲಿಂದಲೇ ಬರಲಿ, ಗಂಭೀರ ಅಪರಾಧಕ್ಕೆ ಶಿಕ್ಷೆಯಾದವನಿಗೆ 10 ಸಾವಿರ ಡಾಲರ್ ಮತ್ತು ಅದಕ್ಕಿಂತ ಹೆಚ್ಚು ಹಣ ಬಂದರೆ ನೊಂದವರಿಗೆ ತಿಳಿಸಬೇಕು ಎಂದು ಮಾಡಿತು. ಕಥೆಗೆ ತಡೆಯಿಲ್ಲ, ಆದರೆ ಬಾಕಿ ಬಾಕಿಯೇ.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ. ವಲಾಚಿಯ ಕಥೆ ಬರೆದ ಅದೇ ಪೀಟರ್ ಮಾಸ್ 1997ರಲ್ಲಿ ‘ಅಂಡರ್‌ಬಾಸ್’ ಬರೆದರು. ಅದು ಸ್ಯಾಮಿ ಗ್ರವಾನೊ ಕಥೆ. 19 ಕೊಲೆಗಳಲ್ಲಿ ತನ್ನ ಪಾಲಿದೆ ಎಂದು ಒಪ್ಪಿಕೊಂಡು, ತನ್ನ ಧಣಿ ಜಾನ್ ಗಾಟಿಯ ವಿರುದ್ಧ ಸಾಕ್ಷಿ ಹೇಳಿ, ಬರೀ 5 ವರ್ಷದ ಶಿಕ್ಷೆ ಪಡೆದವನು. ಪುಸ್ತಕ ಬಂತು, ಹೆಸರು ಬಂತು. ಬದಲಾದನೇ? 2000ದಲ್ಲಿ ಅರಿಜೋನಾದಲ್ಲಿ ಡ್ರಗ್ಸ್ ಜಾಲ ನಡೆಸುತ್ತಿದ್ದುದಕ್ಕಾಗಿ ಮತ್ತೆ ಒಳಗೆ ಹೋದ. ಹೆನ್ರಿ ಹಿಲ್ ಕೂಡ ಮತ್ತೆ ಮತ್ತೆ ತಪ್ಪು ಮಾಡಿ ಸರ್ಕಾರದ ರಕ್ಷಣೆ ಕಳೆದುಕೊಂಡ, ಕೊನೆಗೆ ತನ್ನ ಹೆಸರಿನ ಸಾಸ್ ಮಾರಿಕೊಂಡು, ಚಿತ್ರ ಬಿಡಿಸಿಕೊಂಡು ಇದ್ದು, 2012ರ ಜೂನ್‌ನಲ್ಲಿ ತೀರಿಕೊಂಡ. ತಪ್ಪೊಪ್ಪಿಗೆ ಬೇರೆ, ಪಶ್ಚಾತ್ತಾಪ ಬೇರೆ. ಪುಸ್ತಕದ ರಕ್ಷಾಪುಟ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ.

ನಮ್ಮ ಕಡೆಯ ಮಾತು

ಕನ್ನಡದಲ್ಲೂ ಇಂಥ ಬರಹ ಇದೆ ಎಂದು ನಿಮಗೆ ಗೊತ್ತೇ ಇದೆ. ಬೆಂಗಳೂರಿನ ಭೂಗತ ಲೋಕವನ್ನು ಒಳಗಿನಿಂದ ಕಂಡ ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’. ಅದರ ಆಧಾರದ ಮೇಲೆ ಕೆ.ಎಂ. ಚೈತನ್ಯ ನಿರ್ದೇಶಿಸಿದ ‘ಆ ದಿನಗಳು’ 2007ರಲ್ಲಿ ಬಂತು, ಪುಸ್ತಕದ ಇಂಗ್ಲಿಷ್ ಅನುವಾದ 2013ರಲ್ಲಿ. ಊರಿನಿಂದ ದೂರವಿರುವ ನಮ್ಮಲ್ಲಿ ಎಷ್ಟೋ ಜನ ಬೆಂಗಳೂರನ್ನು ಆ ಕನ್ನಡಿಯಲ್ಲಿ ನೋಡಿ ಬೆಚ್ಚಿದ್ದೇವೆ.

ಆದರೆ ನಾನು ಈ ಲೇಖನವನ್ನು ಮುಗಿಸಬೇಕೆಂದಿರುವುದು ಪುಸ್ತಕದಿಂದಲ್ಲ, ಒಂದು ಲಕೋಟೆಯಿಂದ.

ನನ್ನ ಸೋದರಮಾವ ಮುಂಬಯಿಯ ಒಂದು ಉಪನಗರದಲ್ಲಿ ಪುಟ್ಟ ಹೋಟೆಲು ಇಟ್ಟುಕೊಂಡಿದ್ದರು. ಎಂಟು ಟೇಬಲ್ಲು, ಇಡ್ಲಿ, ವಡೆ, ಚಹಾ. ಹುಡುಗನಾಗಿದ್ದಾಗ ರಜೆಗೆ ಹೋದರೆ ಗಲ್ಲೆಯ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದೆ. ಗಲ್ಲೆಯ ಡ್ರಾಯರಿನಲ್ಲಿ ದೇವರ ಪಟದ ಹಿಂದೆ ಒಂದು ಕಂದು ಬಣ್ಣದ ಲಕೋಟೆ ಇರುತ್ತಿತ್ತು. ತಿಂಗಳಿಗೊಮ್ಮೆ ಒಬ್ಬ ಬರುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಮಾತು. ಚಹಾ ಕುಡಿಯುತ್ತಿದ್ದ, ನನ್ನ ಕೆನ್ನೆ ತಟ್ಟುತ್ತಿದ್ದ, ಲಕೋಟೆ ಜೇಬಿಗಿಟ್ಟು ಹೋಗುತ್ತಿದ್ದ. ಅವನು ಕೈ ಎತ್ತಿದ್ದನ್ನು ನಾನು ಯಾವತ್ತೂ ನೋಡಲಿಲ್ಲ. ಆದರೆ ಅವನು ಹೋದ ಮೇಲೆ ಮಾವ ಸ್ವಲ್ಪ ಹೊತ್ತು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಬಟ್ಟೆಯಿಂದ ಗಲ್ಲೆಯನ್ನು ಒರೆಸುತ್ತಲೇ ಇರುತ್ತಿದ್ದರು, ಕೊಳೆಯಾಗದೇ ಇದ್ದರೂ. ಒಂದು ವರ್ಷ ಮಳೆಗಾಲದಲ್ಲಿ ವ್ಯಾಪಾರ ಕುಸಿದಾಗ ಅತ್ತೆಯ ಬಳೆ ಆ ಲಕೋಟೆಗೆ ಹೋಯಿತು ಎಂದು ತಿಳಿದದ್ದು ನಾನು ದೊಡ್ಡವನಾದ ಮೇಲೆ.

ಮಾವ ಈಗಿಲ್ಲ. ಅವರ ಬಗ್ಗೆ ಯಾರೂ ಕಾದಂಬರಿ ಬರೆಯಲಿಲ್ಲ, ಸಿನಿಮಾ ಮಾಡಲಿಲ್ಲ. ಮಾಡಿದರೆ ಓಡುತ್ತದೆಯೇ? ಗಲ್ಲೆ ಒರೆಸುವ ಮನುಷ್ಯನನ್ನು ಮೂರು ಗಂಟೆ ಯಾರು ನೋಡುತ್ತಾರೆ?

ಹಾಗಂತ ‘ಗಾಡ್‌ಫಾದರ್’ ಓದಬೇಡಿ ಎಂದು ಹೇಳುತ್ತಿಲ್ಲ. ನಾನೇ ಮೂರು ಸಲ ಓದಿದ್ದೇನೆ, ನಾಲ್ಕನೆಯ ಸಲವೂ ಓದಿಯೇನು. ಮುಂದಿನ ಸಲ ಅದು ನಿಮ್ಮ ಕೈಗೆ ಬಂದಾಗ ಒಂದೇ ಒಂದು ಕೆಲಸ ಮಾಡಿ. ವಸೂಲಿಗಾರ ಬಾಗಿಲು ತಟ್ಟುವ ಪುಟದಲ್ಲಿ, ಬಾಗಿಲ ಒಳಗಡೆ ನಿಂತವನನ್ನೂ ಒಂದು ಕ್ಷಣ ನೆನೆಯಿರಿ. ಪೂಜೊ ಆ ಒಳಗಿನವರ ಬಗ್ಗೆ ಬರೆದ ‘ಫಾರ್ಚುನೇಟ್ ಪಿಲ್ಗ್ರಿಮ್’ ಕೂಡ ಅದೇ ರಾಶಿಯ ತಳದಲ್ಲಿ ಸಿಕ್ಕೀತು, ಕಣ್ಣಾಡಿಸಿ. ತನ್ನ ಪುಸ್ತಕಗಳಲ್ಲಿ ಅದೇ ಶ್ರೇಷ್ಠ ಎಂಬುದು ಪೂಜೊನ ಕೊನೆಯವರೆಗಿನ ಅಭಿಪ್ರಾಯವಾಗಿತ್ತು.

ನಿಮ್ಮ ಮನೆಯಲ್ಲೂ, ನಿಮ್ಮ ಅಂಗಡಿಯಲ್ಲೂ ಇಂಥದ್ದೊಂದು ಲಕೋಟೆಯ ನೆನಪು ಇದ್ದರೆ ನಮಗೆ ಬರೆಯಿರಿ. ಹೆಸರು ಬೇಡ, ಊರು ಬೇಡ. ಕಥೆ ಸಾಕು. ನಮ್ಮ ಕನ್ನಡ ಸಮಯದಲ್ಲಿ ಓದುತ್ತೇವೆ. ವಸೂಲಿಗಾರನ ಕಥೆ ಬೇಕಾದಷ್ಟು ಕೇಳಿದ್ದಾಯಿತು, ಕೊಟ್ಟವರ ಕಥೆಯನ್ನೂ ಒಂದಿಷ್ಟು ಕೇಳೋಣ.

ಮತ್ತೆ ಸಿಗೋಣ. ಅಲ್ಲಿಯವರೆಗೂ ಕನ್ನಡ ಮಾತಾಡುತ್ತಿರಿ, ಕೇಳುತ್ತಿರಿ.